ದೂಡಿದರೆ ಹೋಗದ ನೂಲು

ಲೋಹ ಏನಾದರೂ ಉಂಟಾ ಮೈಮೇಲೆ?
ಸಿಸ್ಟರ್ ಪ್ರೆಸಿಲ್ಲಾ ಮೂರನೇ ಸಲ ಕೇಳುತ್ತಾರೆ.
ಕಿವಿಯದ್ದು ತೆಗೆದೆ, ಬಳೆ ತೆಗೆದೆ,
ಸೊಂಟದ ನೂಲಿನ ಬೆಳ್ಳಿ ತಾಯಿತ ತೆಗೆದೆ.
ಇಲ್ಲ ಅಂದೆ.

ಗೌನಿನ ಅಂಚು ಸವರಿದ ಅವರ ಬೆರಳಿಗೆ
ಚುಚ್ಚಿತು ಸೂಜಿ, ಒಂಬತ್ತನೇ ನಂಬರಿನದು.
ರಾತ್ರಿ ನಿದ್ದೆ ಬಾರದೆ, ಬಿಚ್ಚಿಹೋದ ಲಾಡಿಗೆ
ನಾಲ್ಕು ಹೊಲಿಗೆ ಹಾಕಿ
ಅಲ್ಲೇ ಸಿಕ್ಕಿಸಿ ಮರೆತದ್ದು.
ನಿಮ್ಮದೊಂದು, ಮಾರಾಯ್ರೆ! ಎಂದು ನಕ್ಕರು.
ಆಮೇಲೆ ನಗಲಿಲ್ಲ. ಗಾಜಿನಾಚೆ ಒಯ್ದು
ಹತ್ತಿಯ ಮೇಲೆ ಇಟ್ಟರು.

ತೊಕ್ಕೊಟ್ಟಿನ ನನ್ನ ಅಂಗಡಿಯಲ್ಲಿ
ಸತ್ತ ಸ್ಪೀಕರಿನಿಂದ ಕಿತ್ತ ಅಯಸ್ಕಾಂತ ಒಂದುಂಟು.
ಸಂಜೆ ಹಗ್ಗ ಕಟ್ಟಿ ನೆಲದ ಮೇಲೆ ಎಳೆದರೆ
ದಿನವಿಡೀ ಬಿದ್ದ ಗುಂಡುಸೂಜಿ, ಹುಕ್ಕು, ಮುರಿದ ಮೊನೆ
ಅದಕ್ಕೆ ಮೀಸೆಯ ಹಾಗೆ ಮೂಡುತ್ತವೆ.
ಇಲ್ಲಿ ಅಂಥದ್ದೇ ಎರಡು, ಎದೆಯ ಅತ್ತ ಇತ್ತ,
ಒಂದೊಂದೂ ನಮ್ಮ ಫ್ರಿಜ್ಜಿಗಿಂತ ದೊಡ್ಡದು.

ಹುಟ್ಟುವಾಗ ನಾನು ನೀಲಿ ಇದ್ದೆನಂತೆ,
ನೇರಳೆ ತಿಂದ ನಾಲಿಗೆಯ ಹಾಗೆ.
ಬಲದ ತೋಳು ಎಡಕ್ಕೆ, ಎಡದ್ದು ಬಲಕ್ಕೆ
ಕೂಡಿಸಿಬಿಟ್ಟ ರವಿಕೆ ನನ್ನ ಹೃದಯ.
ತೋಳು ಬಿಚ್ಚುವ ಧೈರ್ಯ ಮಾಡದೆ
ಒಳಗಿನ ಲೈನಿಂಗನ್ನೇ ತಿರುಗಿಸಿ ಹೊಲಿದರು
ಮದ್ರಾಸಿನಲ್ಲಿ. ಹತ್ತು ತಿಂಗಳು ನನಗೆ.
ಅಮ್ಮ ಮೂರು ವರ್ಷದ ಬೀಡಿ ಮೊದಲೇ ಮಾರಿದ್ದಳು,
ಇನ್ನೂ ಕಟ್ಟದ ಬೀಡಿ, ಇನ್ನೂ ಚಿಗುರದ ಎಲೆ.

ಲೈನಿಂಗು ಬಾಳಿಕೆ ಬಂತು, ಮೂವತ್ತಮೂರು ವರ್ಷ.
ಒಂದು ಶನಿವಾರ, ಎಮಿಲ್ಡಾಳ ರೋಸಿನ ಬ್ಲೌಸು ಹೊಲಿಯುವಾಗ
ಕಾಲು ತೆಗೆದರೂ ಮೆಷಿನು ಓಡುತ್ತಲೇ ಉಂಟು ಅನಿಸಿತು.
ಓಡುತ್ತಿದ್ದದ್ದು ಮೆಷಿನಲ್ಲ.
ಅಮ್ಮ ಮಣಿಗಂಟು ಹಿಡಿದು ಎಣಿಸಿದಳು
ತುಳುವಿನಲ್ಲಿ, ಒಂಜಿ, ರಡ್ಡ್, ಮೂಜಿ,
ಇಪ್ಪತ್ತೈದಕ್ಕೊಂದು ಕಟ್ಟು, ಇಪ್ಪತ್ತೈದಕ್ಕೊಂದು ಕಟ್ಟು.
ನಿಮಿಷಕ್ಕೆ ಎಂಟು ಕಟ್ಟು ದಾಟಿದ ಮೇಲೆ
ಲೆಕ್ಕ ಬಿಟ್ಟು ರಿಕ್ಷಾ ಕರೆದಳು.

ಡಾಕ್ಟರು ಚೀಟಿಯ ಹಿಂದೆ ಬರೆದು ತೋರಿಸಿದ್ದರು:
ಹಳೇ ಹೊಲಿಗೆಯ ಗಾಯ ಒಣಗಿ ದ್ವೀಪವಾಗಿದೆ,
ಕರೆಂಟು ಅದಕ್ಕೇ ಸುತ್ತು ಬರುತ್ತಿದೆ.
ಪಂಪ್‌ವೆಲ್ಲಿನಲ್ಲಿ ದಾರಿ ತಪ್ಪಿದ ಲಾರಿಯ ಹಾಗಾ? ಎಂದೆ.
ಹಾಗೇ. ಅದಕ್ಕೆ ಅಡ್ಡ, ಸುಟ್ಟು, ಒಂದು ಗೆರೆ ಎಳೆಯಬೇಕು.
ಅಂದರೆ ಇನ್ನೊಂದು ಕಲೆ, ಅಲ್ವಾ?
ಹೌದು, ಎಂದರು. ಸರಿಯಾದ ಜಾಗದಲ್ಲಿ.

ಲೈನಿಂಗಿನ ಹಿಂದೆ ಉಳಿದುಹೋದ ಆ ಜಾಗಕ್ಕೆ
ನೇರ ದಾರಿಯಿಲ್ಲ. ತೊಡೆಯ ಸಂದಿಯಿಂದ ಹತ್ತಿ
ಕತ್ತಿನ ಕೆಳಗೆ ಬಾಗಿ ಇಳಿದು
ಮತ್ತೆ ಹಿಂದಕ್ಕೆ ಮಡಚಿ ಮೇಲೇರಬೇಕು.
ಗಟ್ಟಿ ವಯರು ದೂಡಿದರೆ ಎಲ್ಲೋ ಚುಚ್ಚೀತು.
ಮೆತ್ತಗಿನದು ದೂಡಿದರೆ ಹೋಗುವುದೇ ಇಲ್ಲ,
ಇದನ್ನು ನನಗೆ ಯಾರೂ ಹೇಳಿಕೊಡಬೇಕಿಲ್ಲ.
ನೂಲನ್ನು ತುದಿಯಿಂದ ಕರೆಯಬೇಕು.

ಅರೆನಿದ್ದೆ. ಪಕ್ಕದಲ್ಲಿ ಯಾರೂ ಇಲ್ಲ.
ಡಾಕ್ಟರು ಆಚೆ ಕೋಣೆಯಲ್ಲಿ ಮೌಸು ಹಿಡಿದು ಕೂತಿದ್ದಾರೆ,
ಆಗಾಗ ಚಹಾ ಲೋಟ ಎತ್ತುವುದು ಕಾಣುತ್ತದೆ.
ಅಯಸ್ಕಾಂತಗಳು ಒಂದಿಷ್ಟು ವಾಲಿದವು,
ನನ್ನೊಳಗೆ ಒಂದು ತುದಿ ಮುಖ ತಿರುಗಿಸಿತು.
ಗೊತ್ತಾಗಲಿಲ್ಲ ಅಂತಲೇ ಹೇಳಬೇಕು.
ಗೊತ್ತಾದದ್ದು ಸುಡುವಾಗ,
ಬೆನ್ನಿನ ಹತ್ತಿರ, ದಪ್ಪ ಬಟ್ಟೆಯ ಮೇಲಿಂದ
ಇಸ್ತ್ರಿಪೆಟ್ಟಿಗೆ ತಾಗಿದ ಹಾಗೆ.

ಆಮೇಲೆ ಒಂದು ತೆರಪು.
ಹೊಲಿಗೆ ತಪ್ಪಿದಷ್ಟೇ ಉದ್ದ.
ಅದರಲ್ಲಿ ನಾನು ಇರಲಿಲ್ಲ ಅನ್ನಿ.
ಮತ್ತೆ ಒಂದು.
ಮತ್ತೆ
ಒಂದು.

ಬೇರೆ ದಾರಿ ಹುಡುಕಿಕೊಂಡು ಬಂದರೂ ಬರಬಹುದು ಅಂದಿದ್ದಾರೆ.
ಬರಲಿ, ಆಗ ನೋಡುವ.
ಕಾಗದದ ಪೊಟ್ಟಣದಲ್ಲಿ ಬಳೆ, ತಾಯಿತ, ಸೂಜಿ.
ನೇತ್ರಾವತಿ ಸೇತುವೆಯ ಮೇಲೆ ಬಸ್ಸು ನಿಂತು ತುಂಬ ಹೊತ್ತಾಯಿತು.
ಅಮ್ಮ ಮಣಿಗಂಟು ಹಿಡಿದು ತುಟಿ ಅಲ್ಲಾಡಿಸುತ್ತಿದ್ದಾಳೆ,
ಮೂರು ಕಟ್ಟಿಗೆ ನಿಲ್ಲಿಸಿ, ನಂಬದೆ,
ಮೊದಲಿನಿಂದ ಎಣಿಸುತ್ತಾಳೆ.

ಆ ಗೌನು ಇಷ್ಟು ಹೊತ್ತಿಗೆ ಒಗೆದು ಒಣಗಿ
ಇನ್ಯಾರ ಮೈಮೇಲೋ ಇರಬೇಕು.
ಲಾಡಿ ಗಟ್ಟಿ ಉಂಟು. ಅದಕ್ಕೆ ಹೆದರಬೇಕಿಲ್ಲ.